ಸುಳ್ಳು ಗಡಿಯಾರ

ನಮ್ಮೂರ ಇಗರ್ಜಿಗೆ ಎರಡು ಗೋಪುರ, ಎರಡು ಗಡಿಯಾರ.
ಬಲಗಡೆಯದು ನಡೆಯುತ್ತದೆ.
ಎಡಗಡೆಯದು ಬರಿಯ ಬಣ್ಣ.
ಯಾವನೋ ಪೇಂಟರು ಮುಳ್ಳುಗಳನ್ನು
ಮೂರು ನಲವತ್ತಕ್ಕೆ ನಿಲ್ಲಿಸಿ ಏಣಿ ಇಳಿದುಹೋದ.
ಸೈತಾನನಿಗೆ ಪೂಜೆಯ ಹೊತ್ತು ತಿಳಿಯಬಾರದೆಂದು, ಅಷ್ಟೇ.
ಗೋಝೋ ದ್ವೀಪದ ಮಕ್ಕಳಿಗೆ ಇದನ್ನು ಯಾರೂ ಕಲಿಸುವುದಿಲ್ಲ,
ಹಾಲಿನ ಜೊತೆಗೇ ಬರುತ್ತದೆ.

ನಾನು ವಿಸ್ತಿನ್. ಕೊಳಾಯಿ ರಿಪೇರಿ ಕಸುಬು.
ಎಂಟು ದಿನಕ್ಕೊಮ್ಮೆ ಬಲಗೋಪುರ ಹತ್ತಿ
ಗಡಿಯಾರಕ್ಕೆ ಕೀಲಿ ಕೊಡುವುದು ಅಪ್ಪ ಬಿಟ್ಟುಹೋದ ಇನ್ನೊಂದು ಕೆಲಸ.
ಸಂಬಳವಿಲ್ಲ, ಈಸ್ಟರಿಗೆ ಒಂದು ಬಾಟಲಿ ದ್ರಾಕ್ಷಾರಸ.
ತೊಂಬತ್ತೊಂದು ಮೆಟ್ಟಿಲು ಹತ್ತುತ್ತಿದ್ದೆ, ಇಳಿಯುತ್ತಿದ್ದೆ,
ಪೀಠದ ಮುಂದೆ ಹಾದು ಹೊರಗೆ ಬರುತ್ತಿದ್ದೆ
ಬಾಡಿಗೆ ಬಾಕಿಯಿದ್ದವನು ಮನೆಯೊಡೆಯನ ಬಾಗಿಲು ದಾಟುವ ಹಾಗೆ.

ಹನ್ನೊಂದು ವರ್ಷ.

ಏನಾಯಿತು ಎಂದು ಕೇಳಬೇಡಿ. ಏನೂ ಆಗಲಿಲ್ಲ.
ಯಾರೂ ಸಾಯಲಿಲ್ಲ, ಯಾವ ಪಾದ್ರಿಯೂ ಬೈಯಲಿಲ್ಲ,
ಸಮುದ್ರ ನನ್ನದೇನನ್ನೂ ಒಯ್ಯಲಿಲ್ಲ.
ಕಸುಬಿನವನು ಹೇಳುತ್ತೇನೆ ಕೇಳಿ:
ಯಾರೂ ತಿರುಗಿಸದ ನಲ್ಲಿ
ಒಡೆಯುವುದಿಲ್ಲ. ಸೋರುವುದೂ ಇಲ್ಲ.
ಒಳಗೊಳಗೇ ಸುಣ್ಣ ಕಟ್ಟುತ್ತದೆ,
ಇಂದು ಕೂದಲೆಳೆಯಷ್ಟು, ನಾಳೆ ಕೂದಲೆಳೆಯಷ್ಟು.

ಆದರೂ ಕೈಗೆ ನೆನಪಿತ್ತು.
ರೊಟ್ಟಿ ಕೊಯ್ಯುವ ಮುಂಚೆ ಚಾಕುವಿನ ತುದಿ
ತಾನಾಗಿ ಅದರ ಬೆನ್ನ ಮೇಲೆ ಶಿಲುಬೆ ಗೀಚುತ್ತಿತ್ತು.
ತುಂಡು ನೆಲಕ್ಕೆ ಬಿದ್ದರೆ ಎತ್ತಿ ಮುತ್ತಿಡುತ್ತಿದ್ದೆ,
ಅಮ್ಮ ಇಡುತ್ತಿದ್ದ ಹಾಗೆ.
ಬೆರಳಿಗೆ ಸುತ್ತಿಗೆ ತಾಗಿದರೆ "ಅಲ್ಲಾ!" ಅನ್ನುತ್ತಿದ್ದೆ.
ನಮ್ಮ ಮಾಲ್ಟೀಸಿನಲ್ಲಿ ಯೇಸುವಿನ ತಂದೆಗೂ ಅದೇ ಹೆಸರು,
ಹೋದ ಅರಬರು ಮರೆತು ಬಿಟ್ಟ ಬೀಗದಕೈ.
ಕರೆದಾಗಲೆಲ್ಲ ಅವನು ಬಂದು ನಿಂತು
"ಓ, ಬರೀ ಬೆರಳೇ?" ಎಂದು ನೋಡಿ ಹೋಗುತ್ತಿದ್ದನೇನೋ.

ಕಳೆದ ತಪಸ್ಸುಕಾಲದಲ್ಲಿ ತಂಗಿಯ ಮಗಳು ರಿಟ್ಯೆನ್,
ಎಂಟು ವರ್ಷ, ಮುಂದಿನ ಹಲ್ಲು ಇನ್ನೂ ಅರ್ಧ,
ಹಟ ಹಿಡಿದು ಗೋಪುರಕ್ಕೆ ಬಂದಳು.
ಎಣ್ಣೆಡಬ್ಬಿ ಹಿಡಿದುಕೊಂಡೇ ಕೇಳಿದಳು:
"ಮಾಮಾ, ಆ ಸುಳ್ಳು ಗಡಿಯಾರ ನಿಜ ಹೇಳುವುದು ಯಾವಾಗ?"

"ಯಾವತ್ತೂ ಇಲ್ಲ."
"ಇದೆ. ಮೂರು ನಲವತ್ತಕ್ಕೆ.
ಇದು ಹೋಗಿ ಅದನ್ನು ಮುಟ್ಟುತ್ತಲ್ಲ."

ಮೆಟ್ಟಿಲಿಳಿಯುವಾಗ ಮೊಣಕಾಲು ನಡುಗಿತು.
ವಯಸ್ಸು ಅಂದುಕೊಂಡೆ.

ಈಗ ದಿನಾ ಮಧ್ಯಾಹ್ನ ಮೂರು ನಲವತ್ತಕ್ಕೆ
ಇರುವಲ್ಲೇ ನಿಲ್ಲುತ್ತೇನೆ. ನಿಲ್ಲುವುದೇನು,
ಹೆಚ್ಚಾಗಿ ಯಾರದೋ ಸಿಂಕಿನ ಕೆಳಗೆ ಮಲಗಿರುತ್ತೇನೆ, ಬಾಯಲ್ಲಿ ಟಾರ್ಚು.
ಮೊದಲ ದಿನ ಬರೀ ಗಾಳಿ ಕೆಮ್ಮಿತು.
ಆಮೇಲೆ ತುಕ್ಕಿನ ನೀರು: ತಮ್ಮನ ಮೇಲಿನ ಹಳೆ ಸಿಟ್ಟು,
ವಿಧವೆ ಚೆನ್ಸಾಳ ಬಿಲ್ಲಿಗೆ ನಾನು ಸೇರಿಸಿದ ಇಪ್ಪತ್ತು ಯೂರೋ.
(ಹಿಂದಿರುಗಿಸಿದೆ. ಕೂಡುವಾಗ ತಪ್ಪಿತ್ತು ಎಂದು ಸುಳ್ಳು ಹೇಳಿ.
ಅದಕ್ಕೆ ಬೇರೆ ಪಾಪನಿವೇದನೆ.)
ಆಮೇಲೆ ಒಂದು ದಿನ, ನಮೋ ಮರಿಯಾ, ಅರ್ಧ.
ಉಳಿದರ್ಧ ಮರೆತಿದ್ದೆ. ಫೋನಿನಲ್ಲಿ ಹುಡುಕಲು ನಾಚಿಕೆಯಾಗಿ
ರಿಟ್ಯೆನ್‌ಳನ್ನು ಕೇಳಿದೆ.
ಅವಳು ಸೀಸದಕಡ್ಡಿಯಲ್ಲಿ ಬರೆದುಕೊಟ್ಟ ಚೀಟಿ
ಸ್ಪ್ಯಾನರುಗಳ ನಡುವೆ ಎಣ್ಣೆ ಕುಡಿದು ಕುಡಿದು ತಿಳಿಯಾಗಿದೆ;
ಅಕ್ಷರದ ಹಿಂದೆ ಕಬ್ಬಿಣ ಕಾಣುತ್ತದೆ.

ಒಂದು ಭಾನುವಾರ ಕೊನೆಯ ಬೆಂಚಿನಲ್ಲಿ ಕೂತೆ.
ಪೂಜೆ ಮುಗಿದ ಮೇಲೆ ಪಾದ್ರಿ ಹತ್ತಿರ ಬಂದರು.
ಎದೆ ಹೊಡೆದುಕೊಂಡಿತು. ಹನ್ನೊಂದು ವರ್ಷಕ್ಕೆ ಉತ್ತರ ಹುಡುಕಿದೆ.
"ಒಳಕೋಣೆಯ ನಲ್ಲಿ ಸೋರುತ್ತಿದೆ, ವಿಸ್ತಿನ್" ಅಂದರು.

ಕೆಲವು ದಿನ ಮರೆಯುತ್ತೇನೆ. ನಿನ್ನೆ ಮರೆತೆ.
ನಾಲ್ಕೂ ಕಾಲಕ್ಕೆ, ಹಡಗುಕಟ್ಟೆಯಿಂದ ಬರುವ ಏರಿನಲ್ಲಿ
ಥಟ್ಟನೆ ನೆನಪಾಗಿ ವ್ಯಾನು ಬದಿಗೆ ಹಾಕಿದೆ.
ಬಲಗೋಪುರ ನೋಡಲು ಧೈರ್ಯವಾಗಲಿಲ್ಲ.
ಎಡದ್ದನ್ನು ನೋಡಿದೆ.

ಅಲ್ಲಿ ಇನ್ನೂ ಮೂರು ನಲವತ್ತು.
ಇಂಜಿನು ಆರಿಸಿದೆ.